ದಂಡಿನ ಕಿವಿ

ಇಂದಿನ ಶಿವಾಜಿನಗರಕ್ಕೆ ಹಿಂದೆ ಬ್ಲಾಕ್‌ಪಳ್ಳಿ ಎಂಬ ಹೆಸರಿತ್ತು. ಬಿಳಿ ಅಕ್ಕಿ ಬೆಳೆಯುತ್ತಿದ್ದ ‘ಬಿಳಿ ಅಕ್ಕಿ ಪಳ್ಳಿ’ಯೇ ಇಂಗ್ಲಿಷರ ಬಾಯಲ್ಲಿ ಹೀಗಾಯಿತೆಂದು ಕೆಲವರ ಹೇಳಿಕೆ, ದಂಡಿನ ನಕ್ಷೆಯನ್ನು ಹಾಕಿದ ಎಂಜಿನಿಯರ್ ಜಾನ್ ಬ್ಲಾಕಿಸ್ಟನ್ನನ ಹೆಸರೇ ಇಲ್ಲಿ ಉಳಿಯಿತೆಂದು ಇನ್ನು ಕೆಲವರ ವಾದ. ಮೊದಲನೆಯದು ನಿಜವಾದರೆ, ನಮ್ಮ ಬಿಳುಪು ಪರಂಗಿಯವರ ಕಿವಿಗೆ ಬೀಳುವಷ್ಟರಲ್ಲಿ ಕಪ್ಪಾಯಿತೆನ್ನಬೇಕು!

ಧ್ವನಿಸಾಮ್ಯದ ಈ ಆಟಕ್ಕೆ ದಂಡು ಒಳ್ಳೆಯ ಅಂಗಳವಾಗಿತ್ತು. ಇಂಗ್ಲಿಷರ ಸೇನೆ ಶ್ರೀರಂಗಪಟ್ಟಣವನ್ನು ಬಿಟ್ಟು 1809ರಲ್ಲಿ ಇಲ್ಲಿ ನೆಲಸಿತು. 1881ರಲ್ಲಿ ಮೈಸೂರು ಒಡೆಯರಿಗೆ ರಾಜ್ಯ ಮರಳಿದಾಗಲೂ ಈ ಪ್ರದೇಶವನ್ನು ಇಂಗ್ಲಿಷರು ತಮ್ಮ ಕೈಯಲ್ಲೇ ಇಟ್ಟುಕೊಂಡು, 1947ರಲ್ಲಿ ಹಿಂದಿರುಗಿಸಿದರು. ಅಷ್ಟು ಕಾಲವೂ ಕನ್ನಡ, ತಮಿಳು, ತೆಲುಗು, ದಖನಿಗಳು ಸಿಪಾಯಿಯ ಇಂಗ್ಲಿಷಿನೊಡನೆ ಒಂದೇ ಸಂತೆಯಲ್ಲಿ ಚೌಕಾಸಿ ಮಾಡಿದವು.

ಪರಭಾಷೆಯ ಮಾತನ್ನು ತನ್ನ ಭಾಷೆಯ ಅಚ್ಚಿಗೆ ಒತ್ತಿಬಿಡುವುದು ಸಿಪಾಯಿಯ ಅಭ್ಯಾಸ. ಮೊಹರಮ್ಮಿನಲ್ಲಿ ಕೇಳಿದ ‘ಯಾ ಹಸನ್, ಯಾ ಹುಸೇನ್’ ಅವನಿಗೆ ‘ಹಾಬ್ಸನ್ ಜಾಬ್ಸನ್’ ಆಯಿತು. ಯೂಲ್ ಮತ್ತು ಬರ್ನೆಲ್ 1886ರಲ್ಲಿ ಹೊರಬಂದ ತಮ್ಮ ಆಂಗ್ಲೋ-ಇಂಡಿಯನ್ ಪದಕೋಶಕ್ಕೆ ಈ ಹೆಸರನ್ನೇ ಇಟ್ಟರು. ಅದರ ಪುಟಗಳನ್ನು ತಿರುವುವಾಗ ನನಗೆ ನಮ್ಮ ಮನೆಯ ಒಡವೆಗಳನ್ನೇ ಬೇರೆಯವರ ಪೆಟ್ಟಿಗೆಯಲ್ಲಿ ಕಂಡಂತಾಗುತ್ತದೆ.

ತಮಿಳಿನ ‘ಮಿಳಗು ತಣ್ಣೀರ್’, ಎಂದರೆ ಮೆಣಸಿನ ನೀರು, ‘ಮುಲ್ಲಿಗಟಾನಿ’ ಎಂಬ ಸೂಪಾಯಿತು. ಅದನ್ನು ಇಷ್ಟಪಟ್ಟು ಕುಡಿಯುತ್ತಿದ್ದ ಮದರಾಸು ಪ್ರಾಂತದ ಅಧಿಕಾರಿಗಳಿಗೆ ‘ಮಲ್’ ಎಂಬ ಅಡ್ಡಹೆಸರು ಬಿತ್ತು. ಇಲ್ಲಿನ ದಂಡೂ ಮದರಾಸು ಸೇನೆಯದೇ. ಇಂಗ್ಲಿಷಿನಲ್ಲಿ ‘ಬ್ಲೈಟ್’ ಎಂದರೆ ಬೆಳೆಗೆ ತಗಲುವ ರೋಗ. ಆದರೆ ಸಿಪಾಯಿಯ ‘ಬ್ಲೈಟಿ’ ನಮ್ಮ ವಿಲಾಯಿತಿ, ಅವನ ತಾಯ್ನಾಡು. 1914ರ ಮಹಾಯುದ್ಧದಲ್ಲಿ ಊರಿಗೆ ಮರಳಲು ಸಾಕಾಗುವಷ್ಟು ಗಾಯವಾದರೆ ಅದಕ್ಕೂ ಅದೇ ಹೆಸರು. ಸುಖದ ಕೆಲಸಕ್ಕೆ ಅವನು ‘ಕುಶಿ’ ಎಂದದ್ದು ಮೆತ್ತನೆಯ ಕುಶನ್ನಿನಿಂದಲ್ಲ, ನಮ್ಮ ಖುಷಿಯಿಂದ.

ನಮ್ಮ ಕಡೆಯೂ ಭ್ರಾಂತಿ ಇಲ್ಲದಿಲ್ಲ. ಮನೆಯ ಸುತ್ತಣ ಕಾಂಪೌಂಡಿಗೂ ಔಷಧ ಬೆರಸುವ ಕಾಂಪೌಂಡರಿಗೂ ನಂಟಿದೆಯೆಂದು ಬಗೆಯುತ್ತೇವೆ. ಮೊದಲನೆಯದು ಮಲಯ ಭಾಷೆಯ ‘ಕಂಪೊಂಗ್’ ಎಂದು ಆ ಕೋಶದ ಅಭಿಪ್ರಾಯ. ನಮ್ಮ ಚೀಟಿಯ ನಂಟಿನ ಚಿಟ್ಠಿ ಇಂಗ್ಲಿಷಿಗೆ ಹೋಗಿ ‘ಚಿಟ್’ ಆಗಿ, ‘ಚಿಟ್ ಫಂಡ್’ ಎಂಬ ಸೂಟು ತೊಟ್ಟು ಮರಳಿದಾಗ ನಮಗೆ ಗುರುತೇ ಸಿಗಲಿಲ್ಲ.

ಇಷ್ಟರವರೆಗೆ ನಗಬಹುದು. ಆದರೆ ‘ಬೋಯಿ’ ಎಂಬ ಮಾತು ಬಂದಾಗ ನಗು ನಿಲ್ಲುತ್ತದೆ. ಬೋಯಿ, ಬೋವಿ ಎಂದರೆ ದಕ್ಷಿಣದ ಭಾಷೆಗಳಲ್ಲಿ ಪಲ್ಲಕ್ಕಿ ಹೊರುವವನು. ಹೆಗಲ ಬಲವನ್ನು ನಂಬಿ ಬದುಕಿದ ಜನರ ಹೆಸರು. ಇಂಗ್ಲಿಷಿನ ‘ಬಾಯ್’ ಎಂದರೆ ಹುಡುಗ. ಆಳಿಗೂ ಅದೇ ಮಾತು. ಹಾಬ್ಸನ್-ಜಾಬ್ಸನ್ ಇವೆರಡನ್ನೂ ಒಂದೇ ತಲೆಬರಹದ ಕೆಳಗೆ, ಬೇರೆ ಬೇರೆ ಅರ್ಥಗಳಾಗಿ ಬರೆದಿದೆ. ಪುಸ್ತಕದಲ್ಲಿ ಬೇರೆಯಾದದ್ದು ಬಂಗಲೆಯ ಜಗಲಿಯಲ್ಲಿ ಬೇರೆಯಾಗಿ ಕೇಳಿಸುವುದೆಂತು? ತಲೆ ನರೆತ ಮುದುಕನೂ ಜೀವಮಾನವಿಡೀ ‘ಬಾಯ್’ ಎನಿಸಿಕೊಂಡೇ ಓಗೊಟ್ಟ. ಕಸುಬಿನ ಹೆಸರಿನ ಪಕ್ಕದಲ್ಲೇ ಅದರಂತೆ ಕೇಳಿಸುವ ಇನ್ನೊಂದು ಮಾತು ನಿಂತು, ಅವನ ವಯಸ್ಸನ್ನೂ ಮರ್ಯಾದೆಯನ್ನೂ ಕಿತ್ತುಕೊಂಡಿತು.

ಸೂಪಿನ ಹೆಸರು ಕೆಟ್ಟರೆ ಯಾರಿಗೂ ನೋವಿಲ್ಲ. ಮನುಷ್ಯನನ್ನು ಕರೆಯುವ ಮಾತಿನಲ್ಲಿ ಮಾತ್ರ, ಆಳುವವನ ಕಿವಿಗೆ ಕೇಳಿಸಿದ್ದೇ ಅರ್ಥವಾಗಿ ನಿಂತುಬಿಡುತ್ತದೆ. ಇಂಗ್ಲಿಷರು ಹೋಗಿ ಮುಕ್ಕಾಲು ಶತಮಾನ ದಾಟಿದೆ. ಆದರೂ ಬೆಂಗಳೂರಿನ ಹೋಟೆಲು, ಕಚೇರಿಗಳಲ್ಲಿ ನಡುವಯಸ್ಸಿನ ಸಂಸಾರಸ್ಥನನ್ನು ನಾವು ಈಗಲೂ ‘ಬಾಯ್’ ಎಂದು ಕೂಗುತ್ತೇವೆ. ಈಗ ಆ ಕಿವಿ ದಂಡಿನದಲ್ಲ, ನಮ್ಮದೇ.