ತಾಯಿ ಕಾರ್ಡಿನ ಒಂದು ಕಾಲಂ

ತುಮಕೂರಿನ ಜಿಲ್ಲಾ ಆಸ್ಪತ್ರೆಗೆ ಬರುವ ಬಸುರಿಯಾಗಲಿ, ಗುಬ್ಬಿ, ಕುಣಿಗಲ್ ಹಳ್ಳಿಗಳ ಉಪಕೇಂದ್ರಕ್ಕೆ ಹೋಗುವವಳಾಗಲಿ, ಆಕೆಯ ತಾಯಿ ಕಾರ್ಡಿನಲ್ಲಿ ರಕ್ತದೊತ್ತಡದ ಜತೆಗೆ ಮೂತ್ರದ ಅಲ್ಬುಮಿನ್ ಎಂಬ ಪ್ರೋಟೀನನ್ನು ಬರೆಯಲು ಜಾಗವಿದೆ. ಮೂತ್ರಪಿಂಡದ ಸ್ಥಿತಿ ಅರಿಯಲು ಇದಕ್ಕಿಂತ ಸೂಕ್ಷ್ಮ ಪರೀಕ್ಷೆಗಳು ಈಗ ಎಷ್ಟೋ ಇವೆ. ಆದರೂ ಪದೇ ಪದೇ ಮಾಡಬಹುದಾದ ಈ ಹಳೆಯ ಪರೀಕ್ಷೆಯೇ ಬಸುರಿಯ ಮೊದಲ ಕಾವಲು ಎಂಬುದು ನನ್ನ ವಾದ.

ವೆಸ್ಲಿಯನ್ ಮಿಷನರಿಗಳು ಗುಬ್ಬಿಯಲ್ಲಿ ನೆಲೆಯೂರಿದ್ದು 1830ರ ದಶಕದಲ್ಲಿ. ಕೆಲವೇ ವರ್ಷಗಳ ಮೇಲೆ, 1843ರಲ್ಲಿ, ಲಂಡನ್ನಿನ ಗೈಸ್ ಆಸ್ಪತ್ರೆಯ ವೈದ್ಯ ಜಾನ್ ಲೀವರ್, ಫಿಟ್ಸ್ ಬಂದ ಬಸುರಿಯರ ಮೂತ್ರದಲ್ಲಿ ಅಲ್ಬುಮಿನ್ ಕಂಡ. ಆ ತಿಳಿವು ಈ ಸೀಮೆಯ ಹೆಂಗಸರನ್ನು ಮುಟ್ಟಲು ಬಹುಕಾಲ ಹಿಡಿಯಿತು. ಅದೇ ಪಂಥದವರ ಹೋಲ್ಡ್ಸ್‌ವರ್ತ್ ಆಸ್ಪತ್ರೆ ಮೈಸೂರಿನಲ್ಲಿ ಶುರುವಾದದ್ದು 1906ರಲ್ಲಿ, ಬೆಂಗಳೂರಿನ ವಾಣಿವಿಲಾಸ 1935ರಲ್ಲಿ. ಹಳ್ಳಿಗಳ ಹೆರಿಗೆ ಸೂಲಗಿತ್ತಿಯರ ಕೈಯಲ್ಲೇ ಉಳಿಯಿತು. ಇದೇ ಜಿಲ್ಲೆಯ ಪಾವಗಡ ತಾಲ್ಲೂಕಿನ ಸೂಲಗಿತ್ತಿ ನರಸಮ್ಮ 15,000ಕ್ಕೂ ಹೆಚ್ಚು ಹೆರಿಗೆ ಮಾಡಿಸಿ 2018ರಲ್ಲಿ ಪದ್ಮಶ್ರೀ ಪಡೆದರು. ಅಂಥ ಕೈಗಳಿದ್ದಾಗ ಪರೀಕ್ಷೆ ಯಾಕೆ ಬೇಕಿತ್ತು ಎಂದು ಯಾರಾದರೂ ಕೇಳಿದರೆ ಅದು ಗೌರವದಿಂದಲೇ ಕೇಳಿದ ಪ್ರಶ್ನೆ. ಮಗುವಿನ ತಲೆ ಎತ್ತ ತಿರುಗಿದೆ ಎಂದು ಪಳಗಿದ ಕೈ ಹೇಳಬಲ್ಲದು; ಮೂತ್ರದಲ್ಲಿ ಸೋರಿಹೋಗುವ ಅಲ್ಬುಮಿನ್ ಯಾವ ಕೈಗೂ ಸಿಗದು. ಕಾಲು ಊದುವುದು ಆರೋಗ್ಯವಂತ ಬಸುರಿಯಲ್ಲೂ ಉಂಟು, ಹಾಗಾಗಿ ರಕ್ತದೊತ್ತಡ ಏರಿ ಫಿಟ್ಸ್‌ವರೆಗೂ ಹೋಗಬಲ್ಲ ಬಸಿರಿನ ನಂಜಿನ (ಪ್ರಿಎಕ್ಲಾಂಪ್ಸಿಯಾ) ಊತವನ್ನು ಕಣ್ಣೊಂದೇ ಬೇರ್ಪಡಿಸಲಾರದು. ಅಲ್ಬುಮಿನ್ ಪರೀಕ್ಷೆಗೆ ಬೇಕಾದ ಸಲಕರಣೆಯೋ ತೀರ ಸರಳ: ಗಾಜಿನ ನಳಿಕೆ, ಸ್ಪಿರಿಟ್ ದೀಪ, ಕೆಲವು ಹನಿ ಅಸಿಟಿಕ್ ಆಮ್ಲ. ಮೂತ್ರದ ಮೇಲ್ಭಾಗ ಕಾಯಿಸಿದಾಗ ಬಿಳಿ ಮಬ್ಬು ಕಟ್ಟಿ, ಆಮ್ಲ ಬಿದ್ದರೂ ಕರಗದಿದ್ದರೆ ಅದು ಅಲ್ಬುಮಿನ್, ಕರಗಿದರೆ ಫಾಸ್ಫೇಟ್. 1957ರಲ್ಲಿ ಬಂದ, ಮೂತ್ರದಲ್ಲಿ ಅದ್ದಿ ನೋಡುವ ಅಲ್ಬುಸ್ಟಿಕ್ಸ್ ಪಟ್ಟಿ ದೀಪದ ಕೆಲಸವನ್ನೂ ತಪ್ಪಿಸಿತು.

ನಗರದಲ್ಲಿ ಲ್ಯಾಬುಗಳಿವೆ, ಅಗಳಕೋಟೆಯಲ್ಲಿ 1988ರಿಂದ ಸಿದ್ಧಾರ್ಥ ವೈದ್ಯಕೀಯ ಕಾಲೇಜೂ ಇದೆ, ಮೂತ್ರಪಿಂಡ ಸೋಸಿ ಹೊರಹಾಕುವ ಕ್ರಿಯಾಟಿನಿನ್ ರಕ್ತದಲ್ಲಿ ಎಷ್ಟಿದೆ ಎಂದು ನೋಡಿದರೆ ಸಾಕಲ್ಲ ಎಂಬ ಮಾತು ಇನ್ನೂ ಬಲವಾದದ್ದು. ಆದರೆ ಬಸಿರಿನಲ್ಲಿ ಮೂತ್ರಪಿಂಡದ ಸೋಸುವಿಕೆ ಸುಮಾರು ಶೇ. 50ರಷ್ಟು ಏರುತ್ತದೆ, ಕ್ರಿಯಾಟಿನಿನ್ ಡೆಸಿಲೀಟರಿಗೆ 0.4–0.8 ಮಿಲಿಗ್ರಾಂ ಮಟ್ಟಕ್ಕೆ ಇಳಿಯುತ್ತದೆ. ವರದಿಯ ಅಂಚಿನಲ್ಲಿ ಅಚ್ಚಾದ ಮಿತಿ ಬಸುರಿಯಲ್ಲದವರದು. 1.0 ಬಂದರೆ ಕಾಗದ ಸರಿಯಿದೆ ಎನ್ನುತ್ತದೆ, ದೇಹ ತೊಂದರೆಯಲ್ಲಿರುತ್ತದೆ. ಕ್ರಿಯಾಟಿನಿನ್‌ನಿಂದ ಸೋಸುವಿಕೆಯ ದರ ಲೆಕ್ಕ ಹಾಕುವ ಸೂತ್ರಗಳೂ ಬಸುರಿಗೆ ಒಗ್ಗುವುದಿಲ್ಲ. 24 ಗಂಟೆಯ ಮೂತ್ರ ಕೂಡಿಟ್ಟು 300 ಮಿಲಿಗ್ರಾಂ ಪ್ರೋಟೀನು ಮೀರಿತೇ ಎಂದು ನೋಡುವುದು ಒಳ್ಳೆಯ ಅಳತೆ, ಕೂಲಿಗೆ ಹೋಗುವ ಹೆಂಗಸಿಗೆ ಮಾತ್ರ ಕಡುಕಷ್ಟ. ಒಂದೇ ಮಾದರಿಯಲ್ಲಿ ಪ್ರೋಟೀನು–ಕ್ರಿಯಾಟಿನಿನ್ ಅನುಪಾತ 0.3 ದಾಟಿತೇ ಎಂದು ನೋಡುವ ವಿಧಾನ ಆ ತೊಡಕನ್ನು ಬಹುಪಾಲು ನೀಗಿದೆ.

ಪಟ್ಟಿಯೂ ದೋಷಮುಕ್ತವಲ್ಲ. ಮೂತ್ರ ತೆಳುವಾಗಿದ್ದರೆ ಅಲ್ಬುಮಿನ್ ತಪ್ಪಿಸಿಕೊಳ್ಳುತ್ತದೆ. ಅಲ್ಬುಮಿನ್ ಇಲ್ಲದೆಯೂ ನಂಜು ಬರಬಹುದು. ರಕ್ತದೊತ್ತಡವನ್ನು ಪಕ್ಕದ ಕಾಲಮಿನಲ್ಲಿ ಪ್ರತಿ ಭೇಟಿಗೂ ಬರೆಯುವುದು ಅದಕ್ಕೇ. 2016ರಿಂದ ಪ್ರತಿ ತಿಂಗಳ 9ನೇ ತಾರೀಕು ನಡೆಯುವ ಸುರಕ್ಷಿತ ಮಾತೃತ್ವ ಅಭಿಯಾನದ ತಪಾಸಣೆಯಲ್ಲೂ ಇವೆರಡೂ ಸೇರಿವೆ. ಅದರ ಜತೆಗೆ, ಮೂರು ತಿಂಗಳು ತುಂಬುವ ಮೊದಲೇ ಒಮ್ಮೆ ಕ್ರಿಯಾಟಿನಿನ್ ನೋಡಿ ಅದೇ ಕಾರ್ಡಿನಲ್ಲಿ ಬರೆದಿಡಬೇಕು. ಏಳನೇ ತಿಂಗಳಲ್ಲಿ ಕುಣಿಗಲ್ಲಿನಿಂದ ತುಮಕೂರಿಗೆ ಕಳಿಸಿದ ಹೆಂಗಸಿನ 0.9 ಏರಿದ್ದೋ, ಮೊದಲಿಂದ ಇದ್ದದ್ದೋ ಎಂದು ಅಲ್ಲಿನ ವೈದ್ಯರು ಆಗ ನಿರ್ಧರಿಸಬಲ್ಲರು.