ಅತ್ತೆಯ ಜಪಸರ

ಚುಂಚನಕಟ್ಟೆಯಲ್ಲಿ ಕಾವೇರಿ ಧುಮ್ಮಿಕ್ಕುವ ಸದ್ದು ದೂರಕ್ಕೇ ಕೇಳುತ್ತದೆ. ದಡದ ಮೇಲಿರುವ ಕೋದಂಡರಾಮನ ಗರ್ಭಗುಡಿಯೊಳಗೆ ಮಾತ್ರ ಆ ಭೋರ್ಗರೆತ ಕೇಳಿಸದು ಎಂದು ಊರಿನವರು ಹೇಳುತ್ತಾರೆ. ಆ ಸೀಮೆಯ ಕ್ರೈಸ್ತ ಮನೆಗೆ ಸೊಸೆಯಾಗಿ ಹೋದ ನನಗೆ, ಅತ್ತೆ ಜಪಸರ ಹಿಡಿದು ಕೂತಾಗಲೆಲ್ಲ ಈ ಮಾತು ನೆನಪಾಗುತ್ತಿತ್ತು. ಮಕ್ಕಳ ಗಲಾಟೆ, ದನದ ಕೂಗು, ರೇಡಿಯೋ ಯಾವುದೂ ಅವರ ಕಿವಿಗೆ ಬೀಳುತ್ತಿರಲಿಲ್ಲ.

ಒಂದು ಜೂನ್ 13ರಂದು ಸಂತ ಅಂತೋಣಿಯವರ ಹಬ್ಬಕ್ಕೆ ದೋರನಹಳ್ಳಿಗೆ ಹೋಗಿದ್ದೆವು. 2019ರಲ್ಲಿ ಬಸಿಲಿಕ ಎನಿಸಿಕೊಂಡ ದೇವಾಲಯವದು. ಬಲಿಪೂಜೆ ನಡೆಯುತ್ತಿದ್ದರೂ ಅತ್ತೆಯ ಬೆರಳು ಮಣಿಗಳ ಮೇಲೇ ಇತ್ತು. ‘ಪೂಜೆ ಈಗ ಕನ್ನಡದಲ್ಲೇ ಆಗ್ತಿದೆಯಲ್ಲ ಅತ್ತೆ, ಸರ ಒಳಗಿಡಿ’ ಎಂದು ನಾಲ್ಕು ಜನರ ಎದುರೇ ಗದರಿದೆ. ಅವರು ಸುಮ್ಮನೆ ಸೆರಗಿನ ಗಂಟಿಗೆ ಹಾಕಿಕೊಂಡರು. ಮನೆಗೆ ಬಂದ ಮೇಲೆ, ‘ನಿಂಗೆ ಪುಸ್ತಕ ಓದಕ್ಕೆ ಬತ್ತದೆ ಕಣವ್ವ, ನನ್ನ ಪುಸ್ತಕ ಇದೇಯ’ ಎಂದರು.

ಅಕ್ಷರ ಬಾರದ ಅವರ ಮಾತು ಚರಿತ್ರೆಯ ಮಾತೇ ಆಗಿತ್ತೆಂದು ತಿಳಿದದ್ದು ಬಹಳ ತಡವಾಗಿ. ನಡುಗಾಲದ ಯೂರೋಪಿನಲ್ಲಿ ಮಠದ ಸನ್ಯಾಸಿಗಳು 150 ಕೀರ್ತನೆಗಳನ್ನು ಹಾಡುತ್ತಿದ್ದರು. ಓದುಬಾರದ ಜನ ಅದಕ್ಕೆ ಬದಲಾಗಿ ಅಷ್ಟೇ ಸಲ ಪ್ರಾರ್ಥನೆ ಹೇಳಿದರು, ಲೆಕ್ಕ ತಪ್ಪದಿರಲು ಮಣಿ ಪೋಣಿಸಿಕೊಂಡರು. ನಮ್ಮ 108ರ ಜಪಮಾಲೆ, ಮುಸಲ್ಮಾನರ ತಸ್ಬೀಹ್ ಇವೂ ಬೆರಳಿಗೆ ಲೆಕ್ಕ ಒಪ್ಪಿಸಿ ಮನಸ್ಸನ್ನು ಬಿಡುಗಡೆ ಮಾಡುವವೇ ಅಲ್ಲವೆ? ಜಪಸರ ಸಂತ ದೊಮಿನಿಕರ ಕೊಡುಗೆಯೆಂಬುದು ಪರಂಪರೆಯ ನಂಬಿಕೆ. ಆದರೆ ಅದು ಶತಮಾನಗಳ ಕಾಲ ಮೆಲ್ಲಮೆಲ್ಲನೆ ಬೆಳೆದದ್ದು. 1569ರಲ್ಲಿ ಐದನೇ ಪಿಯುಸ್ ಜಗದ್ಗುರುಗಳು ಅದಕ್ಕೊಂದು ನಿಶ್ಚಿತ ರೂಪ ಕೊಟ್ಟರು. ಹದಿನೈದು ರಹಸ್ಯ, ಒಂದೊಂದಕ್ಕೆ ಹತ್ತು ‘ನಮೋ ಮರಿಯಾ’: ಒಟ್ಟು 150. ಯೇಸುವಿನ ಬದುಕನ್ನೆಲ್ಲ ಹೀಗೆ ಬಾಯಲ್ಲೇ ಉಳಿಸಿಕೊಂಡರು.

1883ರಲ್ಲಿ ಹದಿಮೂರನೇ ಲಿಯೋ ಜಗದ್ಗುರುಗಳು ಅಕ್ಟೋಬರನ್ನು ಜಪಸರದ ತಿಂಗಳಾಗಿಸಿದರು. ಆಗ ಪೂಜೆ ಲತೀನಿನಲ್ಲಿ. ಅರ್ಥವಾಗದ ಭಾಷೆಯ ಪೂಜೆಯಲ್ಲಿ ನಮ್ಮ ಹಿರಿಯ ಹೆಣ್ಣುಮಕ್ಕಳ ಕೈಗೆ ಎಟಕುತ್ತಿದ್ದದ್ದು ಈ ಮಣಿಗಳೇ. 1962-65ರ ಎರಡನೇ ವ್ಯಾಟಿಕನ್ ಮಹಾಸಭೆಯ ನಂತರ ಪೂಜೆಗೆ ಕನ್ನಡ ಬಂತು. ಪೂಜೆಯ ನಡುವೆ ಜಪಸರ ಸಲ್ಲದೆಂದು ಆರನೇ ಪೌಲ್ ಜಗದ್ಗುರುಗಳು 1974ರಲ್ಲಿ ಬರೆದರು. ಅದೇ ಪತ್ರದಲ್ಲಿ, ಮನೆಮಂದಿಯೆಲ್ಲ ಕೂಡಿ ಅದನ್ನು ಹೇಳಿರೆಂದೂ ಒತ್ತಾಯಿಸಿದರು. ನಿಯಮ ನನ್ನ ಪರವಾಗಿತ್ತು, ನಿಜ. ಆದರೆ ಮನೆಯಲ್ಲಿ ಅವರೊಡನೆ ಕೂತು ಜಪ ಹೇಳುವ ವ್ಯವಧಾನ ನನಗಿತ್ತೆ?

ಅತ್ತೆ ತೀರಿಕೊಂಡ ಸಂಜೆ ಜಪಸರ ಹೇಳಿಸುವ ಪಾಳಿ ನನ್ನದಾಯಿತು. ದುಃಖದ ರಹಸ್ಯಗಳು. ಗೆತ್ಸೆಮನಿ ತೋಪು, ಕೊರಡೆಯ ಏಟು... ಮೂರನೆಯದು ನೆನಪಿಗೆ ಬರಲಿಲ್ಲ. ಹೆಬ್ಬೆಟ್ಟು ಒತ್ತುವ ಪಕ್ಕದ ಮನೆಯ ಅಜ್ಜಿ ‘ಮುಳ್ಳಿನ ಕಿರೀಟ ಕಣವ್ವ’ ಎಂದು ಮೆಲ್ಲನೆ ಹೇಳಿ, ಮುಂದಿನದನ್ನೂ ಸಾಗಿಸಿದರು.

2002ರಲ್ಲಿ ಎರಡನೇ ಜಾನ್ ಪೌಲ್ ಜಗದ್ಗುರುಗಳು ಬೆಳಕಿನ ಐದು ರಹಸ್ಯಗಳನ್ನು ಸೇರಿಸಿದರು, ಈಗ ಇಪ್ಪತ್ತಾಗಿವೆ. ಎಲ್ಲವನ್ನೂ ಬಾಯಿಪಾಠ ಮಾಡಿಕೊಂಡಿದ್ದೇನೆ. ನನ್ನ ಕೈಯಲ್ಲಿರುವುದು ಅತ್ತೆಯ ಸರವೇ. ಅದರ ಎರಡನೇ ಹತ್ತರಲ್ಲಿ ಒಂದು ಮಣಿ ಉದುರಿಹೋಗಿದೆ. ಅವರು ಆ ಖಾಲಿ ತಂತಿಯನ್ನೇ ಹಿಡಿದು ಹತ್ತನೆಯದನ್ನು ಹೇಳುತ್ತಿದ್ದರು. ನಾನೂ ಹಾಗೆಯೇ ಹೇಳುತ್ತೇನೆ. ಅವರಲ್ಲಿ ಕೇಳಬೇಕಿದ್ದ ಕ್ಷಮೆಯನ್ನು ಅಲ್ಲಿಗೆ ಬಂದಾಗ ಕೇಳಿಕೊಳ್ಳುತ್ತೇನೆ.