ಸುದ್ದಿ ತಂದವರು, ಜೊತೆಗೆ ನಡೆದವರು: ಪಾಠದಾಚೆಯ ಅವಕಾಶಗಳು ನಮ್ಮ ಊರಿಗೆ ಬಂದ ಬಗೆ

ಶಾಲೆಗೆ ಐವತ್ತು ತುಂಬಿದ ಈ ಸಂದರ್ಭದಲ್ಲಿ ಕಟ್ಟಡ ಎದ್ದ ಕತೆ, ದುಡಿದ ಮುಖ್ಯೋಪಾಧ್ಯಾಯರ ನೆನಪು, ಎಸ್ಸೆಸ್ಸೆಲ್ಸಿ ಫಲಿತಾಂಶದ ಏರಿಳಿತ, ಇವನ್ನೆಲ್ಲ ಈ ಸಂಪುಟದಲ್ಲಿ ನನಗಿಂತ ಚೆನ್ನಾಗಿ ಬಲ್ಲವರು ಬರೆಯುತ್ತಾರೆ. ನಾನು ಬರೆಯಹೊರಟಿರುವುದು ಸಾಮಾನ್ಯವಾಗಿ ದಾಖಲೆ ಪುಸ್ತಕಕ್ಕೆ ಸಿಗದ ಇನ್ನೊಂದು ಚರಿತ್ರೆ. ಓಟ, ಭಾಷಣ, ಚಿತ್ರಕಲೆ, ಸ್ಕೌಟು, ವಿಜ್ಞಾನ ಮೇಳ, ವಿದ್ಯಾರ್ಥಿವೇತನದ ಪರೀಕ್ಷೆ, ಹೀಗೆ ಪಠ್ಯಪುಸ್ತಕದ ಆಚೆ ಇರುವ ಅವಕಾಶಗಳು ಅನುಗೊಂಡನಹಳ್ಳಿಯಂಥ ಹೋಬಳಿ ಕೇಂದ್ರದ ಮಕ್ಕಳನ್ನು ಯಾವ ದಾರಿಯಲ್ಲಿ ತಲುಪಿದವು, ಯಾರು ತಂದರು, ಎಲ್ಲಿ ಕೈತಪ್ಪಿದವು ಎಂಬುದೇ ಆ ಚರಿತ್ರೆ.

ನಾನು ಇಲ್ಲಿ ಎಂಟರಿಂದ ಹತ್ತನೇ ತರಗತಿ ಓದಿದ್ದು 1987ರಿಂದ 1990ರವರೆಗೆ. ಆಮೇಲೆ ಸಮಾಜ ವಿಜ್ಞಾನದ ಮೇಷ್ಟ್ರಾಗಿ ಬೇರೆ ಊರುಗಳ ಸರ್ಕಾರಿ ಪ್ರೌಢಶಾಲೆಗಳಲ್ಲಿ ಕೆಲಸ ಮಾಡಿದೆ. ಬೆಂಚಿನ ಮೇಲೆ ಕೂತೂ ನೋಡಿದ್ದೇನೆ, ಬೋರ್ಡಿನ ಮುಂದೆ ನಿಂತೂ ನೋಡಿದ್ದೇನೆ. ಹಳ್ಳಿ ಮಕ್ಕಳಿಗೆ ಅವಕಾಶವೇ ಇರಲಿಲ್ಲ ಎನ್ನುವ ಮಾತು ಅರ್ಧ ಮಾತ್ರ ನಿಜ. ಅವಕಾಶ ಎಲ್ಲೋ ಒಂದು ಕಡೆ ಇದ್ದೇ ಇರುತ್ತಿತ್ತು. ಅದರ ಸುದ್ದಿ ತರುವವರೊಬ್ಬರು, ಮಗುವನ್ನು ಜೊತೆಗೆ ಕರೆದುಕೊಂಡು ಹೋಗುವವರೊಬ್ಬರು ಬೇಕಾಗಿತ್ತು. ಇವರಿಬ್ಬರೂ ಇದ್ದ ವರ್ಷ ಮಕ್ಕಳು ಮುಂದೆ ಹೋದರು. ಇಲ್ಲದ ವರ್ಷ ಸುತ್ತೋಲೆ ಫೈಲಿನಲ್ಲೇ ಉಳಿಯಿತು.

ಇದು ನಮ್ಮ ಶಾಲೆ ಹುಟ್ಟುವುದಕ್ಕೂ ಹಿಂದಿನಿಂದ ನಡೆದುಬಂದ ಮಾತು. ಗೌರಿಬಿದನೂರು ತಾಲ್ಲೂಕಿನ ಹೊಸೂರಿನ ಬಡ ಹುಡುಗ ಎಚ್. ನರಸಿಂಹಯ್ಯನವರಿಗೆ ಊರಿನಲ್ಲಿ ಮುಂದೆ ಓದಲು ಹೈಸ್ಕೂಲು ಇರಲಿಲ್ಲ. ಹಿಂದೆ ಪಾಠ ಹೇಳಿದ್ದ ಮೇಷ್ಟರೊಬ್ಬರು ಬೆಂಗಳೂರಿನಿಂದ ಬಾ ಎಂದರು. ಬಸ್ಸಿಗೆ ಕಾಸಿಲ್ಲದೆ 1935ರಲ್ಲಿ ಹುಡುಗ ನಡೆದೇ ಬೆಂಗಳೂರು ಸೇರಿ ಬಸವನಗುಡಿಯ ನ್ಯಾಷನಲ್ ಹೈಸ್ಕೂಲಿಗೆ ಸೇರಿದರು. ಮರುವರ್ಷ ಗಾಂಧೀಜಿ ಬಂದಾಗ ಅವರ ಹಿಂದಿ ಮಾತನ್ನು ಕನ್ನಡದಲ್ಲಿ ಹೇಳುವ ಅವಕಾಶ ಸಿಕ್ಕಿದ್ದು ಇದೇ ವಿದ್ಯಾರ್ಥಿಗೆ. ಮುಂದೆ ಅವರು ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಗಳಾದರು. ಅವರ ಬುದ್ಧಿ, ಹಟ ಎಲ್ಲವೂ ಸರಿ. ಆದರೆ ಬಾ ಎಂದು ಕರೆದ ಆ ಮೇಷ್ಟರು ಇಲ್ಲದಿದ್ದರೆ ಆ ಹುಡುಗ ಯಾವ ಕಡೆಗೆ ನಡೆಯಬೇಕಿತ್ತು?

ನಮ್ಮ ಕಾಲಕ್ಕೆ ಬರೋಣ. ಆಗ ಹೈಸ್ಕೂಲು ಮಕ್ಕಳಿಗೆ ತಾನಾಗಿ ಸಿಗುತ್ತಿದ್ದ ಮೊದಲ ಮೆಟ್ಟಿಲು ಹೋಬಳಿ ಮಟ್ಟದ ಕ್ರೀಡಾಕೂಟ. ಹೊಸಕೋಟೆ ತಾಲ್ಲೂಕಿನ ಐದು ಹೋಬಳಿಗಳು ಕಸಬಾ, ಸೂಲಿಬೆಲೆ, ನಂದಗುಡಿ, ಜಡಿಗೇನಹಳ್ಳಿ ಮತ್ತು ನಮ್ಮ ಅನುಗೊಂಡನಹಳ್ಳಿ. ಹೋಬಳಿಯಲ್ಲಿ ಗೆದ್ದವರು ತಾಲ್ಲೂಕಿಗೆ, ಅಲ್ಲಿಂದ ಜಿಲ್ಲೆಗೆ, ವಿಭಾಗಕ್ಕೆ, ರಾಜ್ಯಕ್ಕೆ. ಕಬಡ್ಡಿ, ಖೋಖೋ, ವಾಲಿಬಾಲ್ ಆಟಕ್ಕೆ ದುಬಾರಿ ಸಾಮಾನು ಬೇಡ. ಸುಣ್ಣದ ಗೆರೆ, ಒಂದು ಬಲೆ, ಒಬ್ಬ ಪಿ.ಟಿ. ಮೇಷ್ಟ್ರು ಇದ್ದರೆ ಸಾಕಿತ್ತು. ಹೀಗಾಗಿ ಹಳ್ಳಿ ಶಾಲೆ ಪಟ್ಟಣದ ಶಾಲೆಯ ಎದುರು ಸರಿಸಮನಾಗಿ ನಿಲ್ಲುತ್ತಿದ್ದದ್ದು ಮೈದಾನದಲ್ಲೇ.

ಉಳಿದವು ಆಯಾ ಮೇಷ್ಟರ ಆಸಕ್ತಿಯನ್ನು ನಂಬಿಕೊಂಡಿದ್ದವು. ಡ್ರಾಯಿಂಗ್ ಮೇಷ್ಟ್ರು ಮನಸ್ಸು ಮಾಡಿದ ಶಾಲೆಯಲ್ಲಿ ಮಕ್ಕಳು ಲೋಯರ್ ಗ್ರೇಡ್, ಹೈಯರ್ ಗ್ರೇಡ್ ಪರೀಕ್ಷೆಗೆ ಕೂರುತ್ತಿದ್ದರು. ಆ ಸರ್ಟಿಫಿಕೇಟು ಹಿಡಿದು ಮುಂದೆ ತಾವೇ ಡ್ರಾಯಿಂಗ್ ಮೇಷ್ಟ್ರಾದವರಿದ್ದಾರೆ. ಹಿಂದಿ ಕಲಿಸುವವರು ಸಂಜೆ ಒಂದು ಗಂಟೆ ಹೆಚ್ಚು ಕೂತರೆ ದಕ್ಷಿಣ ಭಾರತ ಹಿಂದಿ ಪ್ರಚಾರ ಸಭೆಯ ಪ್ರಾಥಮಿಕ, ಮಧ್ಯಮಾ, ರಾಷ್ಟ್ರಭಾಷಾ ಪರೀಕ್ಷೆಗಳು ಆಗುತ್ತಿದ್ದವು. 1918ರಲ್ಲಿ ಗಾಂಧೀಜಿ ಮದರಾಸಿನಲ್ಲಿ ಶುರುಮಾಡಿದ ಸಂಸ್ಥೆಯ ಪರೀಕ್ಷೆ ನಮ್ಮಂಥ ಊರಿನ ಮಗುವಿಗೂ ಸಿಗುವಂತಿದ್ದುದು ಹೀಗೆ ಸಂಜೆ ಉಳಿಯುವವರಿಂದ.

ಸ್ಕೌಟಿನ ಕತೆಯೂ ಅದೇ. ಭಾರತದ ಮೊದಲ ಸ್ಕೌಟ್ ದಳ ಹುಟ್ಟಿದ್ದು 1909ರಲ್ಲಿ, ನಮ್ಮ ಬೆಂಗಳೂರಿನಲ್ಲೇ. 1950ರಲ್ಲಿ ಭಾರತ್ ಸ್ಕೌಟ್ಸ್ ಅಂಡ್ ಗೈಡ್ಸ್ ಒಂದೇ ಸಂಸ್ಥೆಯಾಯಿತು. ರಾಜ್ಯದ ತರಬೇತಿ ಶಿಬಿರಗಳು ನಡೆಯುವ ಆನಿಬೆಸೆಂಟ್ ಪಾರ್ಕ್ ಇರುವುದು ನಮ್ಮದೇ ಜಿಲ್ಲೆಯ ದೊಡ್ಡಬಳ್ಳಾಪುರದಲ್ಲಿ. ಇಷ್ಟು ಹತ್ತಿರವಿದ್ದರೂ ತರಬೇತಿ ಪಡೆದ ಒಬ್ಬ ಮೇಷ್ಟ್ರು ಶಾಲೆಯಲ್ಲಿಲ್ಲದಿದ್ದರೆ ದಳವೇ ಇಲ್ಲ. ದಳವಿಲ್ಲದೆ ರಾಜ್ಯ ಪುರಸ್ಕಾರವೂ ಇಲ್ಲ, ರಾಷ್ಟ್ರಪತಿ ಪುರಸ್ಕಾರವೂ ಇಲ್ಲ. ಮೇಷ್ಟ್ರಿಗೆ ವರ್ಗವಾದರೆ ದಳ ಮುಗಿಯಿತು. ಮಕ್ಕಳ ಟೋಪಿ, ಸ್ಕಾರ್ಫು ಮನೆಯ ಟ್ರಂಕು ಸೇರಿದವು.

ಬೆಂಗಳೂರು ನಮಗೆ ಮೂವತ್ತು ಕಿಲೋಮೀಟರಿನ ಆಸುಪಾಸು. ನಾವು ಹೈಸ್ಕೂಲಿಗೆ ಬರುವ ಹೊತ್ತಿಗೆ ಅಲ್ಲಿ ಬಾಗಿಲುಗಳು ಬಹಳ ತೆರೆದಿದ್ದವು. ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ಕೈಗಾರಿಕಾ ಮತ್ತು ತಾಂತ್ರಿಕ ವಸ್ತುಸಂಗ್ರಹಾಲಯವನ್ನು 1962ರಲ್ಲಿ ನೆಹರೂ ಉದ್ಘಾಟಿಸಿದ್ದರು. ಅದೇ ವರ್ಷ ನ್ಯಾಷನಲ್ ಕಾಲೇಜಿನಲ್ಲಿ ನರಸಿಂಹಯ್ಯನವರು ಬೆಂಗಳೂರು ಸೈನ್ಸ್ ಫೋರಂ ಆರಂಭಿಸಿದ್ದರು. ಅದರ ಉಪನ್ಯಾಸಗಳಿಗೆ ಯಾರು ಬೇಕಾದರೂ ಹೋಗಿ ಕೂರಬಹುದಿತ್ತು. ಕಬ್ಬನ್ ಪಾರ್ಕಿನಲ್ಲಿ ಬಾಲಭವನ ಇತ್ತು. ನಾನು ಹೈಸ್ಕೂಲಿನಲ್ಲಿದ್ದಾಗಲೇ, 1989ರಲ್ಲಿ, ಜವಾಹರಲಾಲ್ ನೆಹರೂ ತಾರಾಲಯ ಶುರುವಾಯಿತು. ಆದರೆ ಮೂವತ್ತು ಕಿಲೋಮೀಟರು ಅಂದರೆ ನಮಗೆ ಒಂದು ಪೂರ್ತಿ ದಿನ. ಹೋಗಿಬರುವ ಬಸ್ ಚಾರ್ಜು, ಮಧ್ಯಾಹ್ನದ ಊಟ, ಮನೆಯಲ್ಲಿ ಒಂದು ದಿನದ ಕೆಲಸಕ್ಕೆ ಆಳು, ಇಷ್ಟೂ ಕೂಡಿಬಂದರೆ ಮಾತ್ರ ತಾರಾಲಯ ಹತ್ತಿರ. ಸಂಜೆಯ ಉಪನ್ಯಾಸಕ್ಕೆ ಹೋದರೆ ರಾತ್ರಿ ಊರು ಸೇರುವ ಬಸ್ಸೇ ಇರುತ್ತಿರಲಿಲ್ಲ.

ಜಿಲ್ಲೆಯ ನಕಾಶೆ ನಮ್ಮ ಮಕ್ಕಳ ಅವಕಾಶವನ್ನು ಹೇಗೆ ತಿದ್ದಿತು ಎಂಬುದನ್ನೂ ಇಲ್ಲಿ ಹೇಳಬೇಕು. 1986ರಲ್ಲಿ ಬೆಂಗಳೂರು ಜಿಲ್ಲೆ ಒಡೆದು ಬೆಂಗಳೂರು ಗ್ರಾಮಾಂತರ ಬೇರೆಯಾಯಿತು. ಹೊಸಕೋಟೆ, ದೇವನಹಳ್ಳಿ, ದೊಡ್ಡಬಳ್ಳಾಪುರ, ನೆಲಮಂಗಲ, ಮಾಗಡಿ, ರಾಮನಗರ, ಚನ್ನಪಟ್ಟಣ, ಕನಕಪುರ ಸೇರಿ ಎಂಟು ತಾಲ್ಲೂಕು. ಹಳ್ಳಿ ಮಕ್ಕಳಿಗೆ ಹಳ್ಳಿ ಮಕ್ಕಳೇ ಎದುರಾಳಿಗಳಾಗುವ ಜಿಲ್ಲೆಯೊಂದು ಬಂದದ್ದು ಒಳ್ಳೆಯದೇ. ಆದರೆ ಆ ಜಿಲ್ಲೆ ಬೆಂಗಳೂರನ್ನು ನಡುವೆ ಇಟ್ಟುಕೊಂಡು ಸುತ್ತ ಹರಡಿತ್ತು. ಪೂರ್ವದ ಅಂಚಿನ ನಾವು ಚನ್ನಪಟ್ಟಣಕ್ಕೆ ಹೋಗಬೇಕಾದರೆ ಬೆಂಗಳೂರು ಸೇರಿ, ಅಲ್ಲಿಂದ ಮತ್ತೆ ಅರವತ್ತು ಕಿಲೋಮೀಟರು ಹೋಗಬೇಕು.

ನನ್ನ ಜೊತೆ ಓದಿದ ಒಬ್ಬಳು ಭಾಷಣದಲ್ಲಿ ಹೋಬಳಿ ಗೆದ್ದಳು, ತಾಲ್ಲೂಕು ಗೆದ್ದಳು. ಮುಂದಿನ ಸ್ಪರ್ಧೆ ಜಿಲ್ಲೆಯ ಆ ತುದಿಯಲ್ಲಿತ್ತು. ಬೆಳಿಗ್ಗೆ ಹತ್ತಕ್ಕೆ ಅಲ್ಲಿರಬೇಕಾದರೆ ಹಿಂದಿನ ದಿನವೇ ಹೊರಟು ಎಲ್ಲಾದರೂ ಉಳಿಯಬೇಕು. ಮನೆಯಲ್ಲಿ ರೇಷ್ಮೆ ಹುಳು ನಾಲ್ಕನೇ ಜ್ವರ ಎದ್ದು ಸೊಪ್ಪು ಎಷ್ಟು ಹಾಕಿದರೂ ಸಾಲದ ಹೊತ್ತು. ಜೊತೆಗೆ ಹೋಗಲು ಹೆಂಗಸರು ಯಾರೂ ಬಿಡುವಾಗಿರಲಿಲ್ಲ. ಹದಿನಾಲ್ಕು ವರ್ಷದ ಹುಡುಗಿಯನ್ನು ರಾತ್ರಿ ಉಳಿಯಲು ಕಳಿಸುವುದಿಲ್ಲ ಎಂದು ಅವರಪ್ಪ ಹೇಳಿದರು. ಅವರನ್ನು ದೂರುವಂತಿರಲಿಲ್ಲ. ಅವಳು ಹೋಗಲಿಲ್ಲ. 2007ರಲ್ಲಿ ರಾಮನಗರ ಜಿಲ್ಲೆ ಬೇರೆಯಾಗಿ ನಮ್ಮದು ನಾಲ್ಕು ತಾಲ್ಲೂಕಿನ ಜಿಲ್ಲೆಯಾಯಿತು. ಇವತ್ತಿನ ಹುಡುಗಿ ಜಿಲ್ಲಾ ಸ್ಪರ್ಧೆ ಮುಗಿಸಿ ಸಂಜೆ ಮನೆಗೆ ಬರಬಹುದು. ನಕಾಶೆಯ ಮೇಲೆ ಎಳೆದ ಒಂದು ಗೆರೆ ಎಷ್ಟು ಹೆಣ್ಣುಮಕ್ಕಳ ದಾರಿ ತೆರೆಯಿತೋ, ಎಣಿಸಿದವರಿಲ್ಲ.

ಹಳ್ಳಿಯನ್ನೇ ಹುಡುಕಿಕೊಂಡು ಬಂದ ಅವಕಾಶಗಳೂ ಇವೆ. 1980ರಲ್ಲಿ ಆರಂಭವಾದ ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತಿನ 'ಬಾಲವಿಜ್ಞಾನ' ಮಾಸಪತ್ರಿಕೆ ಕನ್ನಡ ಮಾಧ್ಯಮದ ಮಗುವಿಗೆ ಅದರ ಭಾಷೆಯಲ್ಲೇ ವಿಜ್ಞಾನ ತಂದುಕೊಟ್ಟಿತು. 1993ರಲ್ಲಿ ದೇಶದ ಮಟ್ಟದಲ್ಲಿ ಶುರುವಾದ ಮಕ್ಕಳ ವಿಜ್ಞಾನ ಸಮಾವೇಶ ಹತ್ತರಿಂದ ಹದಿನೇಳು ವರ್ಷದ ಮಕ್ಕಳಿಗೆ ಹೇಳಿದ್ದು ಇಷ್ಟೇ: ನಿಮ್ಮ ಊರಿನದೇ ಒಂದು ಸಮಸ್ಯೆ ತೆಗೆದುಕೊಳ್ಳಿ, ಅಳೆಯಿರಿ, ಬರೆಯಿರಿ, ಬಂದು ಹೇಳಿ. ನಾನು ಮೇಷ್ಟ್ರಾಗಿದ್ದಾಗ ನಮ್ಮ ಮಕ್ಕಳು ಮನೆಮನೆಗೆ ಹೋಗಿ ಅಜ್ಜನ ಕಾಲದ ತೆರೆದ ಬಾವಿಯ ಆಳ, ಅಪ್ಪನ ಕಾಲದ ಬೋರ್‌ವೆಲ್ಲಿನ ಆಳ, ನೀರು ನಿಂತ ವರ್ಷ ಕೇಳಿ ಪಟ್ಟಿ ಮಾಡಿದರು. ಬೇಕಾದದ್ದು ಒಂದು ನೋಟ್‌ಬುಕ್ಕು, ಪೆನ್ಸಿಲ್ಲು. ಲ್ಯಾಬ್ ಇಲ್ಲದ ಶಾಲೆಗೆ ಊರೇ ಲ್ಯಾಬ್ ಆಯಿತು. ಅದಕ್ಕಿಂತ ಮುಖ್ಯವಾಗಿ, ತರಗತಿಯಲ್ಲಿ ಬಾಯಿ ಬಿಡದ ಮಕ್ಕಳು ಹಿರಿಯರನ್ನು ಪ್ರಶ್ನೆ ಕೇಳಲು ಕಲಿತರು.

ಈ ಶತಮಾನದಲ್ಲಿ ಬಾಗಿಲುಗಳು ಇನ್ನೂ ಹೆಚ್ಚಿದವು. ಪ್ರತಿಭಾ ಕಾರಂಜಿ ಬಂದು ಹಾಡು, ಕಂಠಪಾಠ, ಏಕಪಾತ್ರಾಭಿನಯಗಳಿಗೂ ಕ್ಲಸ್ಟರಿನಿಂದ ರಾಜ್ಯದವರೆಗೆ ಮೆಟ್ಟಿಲು ಕಟ್ಟಿತು. ಒಂಬತ್ತರಿಂದ ಹನ್ನೆರಡನೇ ತರಗತಿಯವರಿಗೆ 2015ರಿಂದ ರಾಷ್ಟ್ರಮಟ್ಟದ ಕಲಾ ಉತ್ಸವ ಇದೆ. ಇನ್‌ಸ್ಪೈರ್ ಮಾನಕ್ ಯೋಜನೆಯಲ್ಲಿ ಮಗುವಿನ ಹೊಸ ಆಲೋಚನೆ ಆಯ್ಕೆಯಾದರೆ ಮಾದರಿ ತಯಾರಿಸಲು 10,000 ರೂಪಾಯಿ ಬರುತ್ತದೆ. ಹೆಸರು ಕಳಿಸಬೇಕಾದದ್ದು ಶಾಲೆ. 2008ರಲ್ಲಿ ಬಂದ ಎನ್‌ಎಂಎಂಎಸ್ ಪರೀಕ್ಷೆಯ ಬಗ್ಗೆ ತಾಯಿತಂದೆಯರು ವಿಶೇಷವಾಗಿ ತಿಳಿಯಬೇಕು. ಸರ್ಕಾರಿ, ಅನುದಾನಿತ ಶಾಲೆಯ ಎಂಟನೇ ತರಗತಿ ಮಕ್ಕಳಿಗೆ ಮಾತ್ರ ಇರುವ ಪರೀಕ್ಷೆ ಇದು. ಕುಟುಂಬದ ವಾರ್ಷಿಕ ಆದಾಯ ಮೂರೂವರೆ ಲಕ್ಷ ರೂಪಾಯಿ ಮೀರಬಾರದು. ಆಯ್ಕೆಯಾದರೆ ಒಂಬತ್ತರಿಂದ ಹನ್ನೆರಡನೇ ತರಗತಿವರೆಗೆ ವರ್ಷಕ್ಕೆ 12,000, ಒಟ್ಟು 48,000 ರೂಪಾಯಿ. ಎಂಟನೇ ತರಗತಿ ದಾಟಿದರೆ ಮತ್ತೆ ಈ ಬಾಗಿಲು ಇಲ್ಲ. ಹತ್ತನೇ ತರಗತಿಯಲ್ಲಿ ಬಂದು ಕೇಳಿದ ಪೋಷಕರನ್ನು ನಾನು ಕಂಡಿದ್ದೇನೆ.

ಈಗ ಸುತ್ತೋಲೆ ಬರಲು ವಾರ ಬೇಡ, ಮೊಬೈಲಿಗೆ ಕ್ಷಣದಲ್ಲಿ ಬರುತ್ತದೆ. ಆದರೆ ಅದರ ಜೊತೆ ಇನ್ನೂರು ಸಂದೇಶವೂ ಬರುತ್ತವೆ. ದುಡ್ಡು ಕಟ್ಟಿಸಿಕೊಂಡು ಎಲ್ಲರಿಗೂ ಪದಕ ಹಂಚುವ ಪರೀಕ್ಷೆಗಳೂ ಅವುಗಳಲ್ಲಿ ಸೇರಿಕೊಂಡಿವೆ. ಯಾರು ನಡೆಸುತ್ತಾರೆ, ಶುಲ್ಕ ಎಷ್ಟು, ಗೆದ್ದರೆ ಮುಂದೇನು ಎಂಬ ಮೂರು ಪ್ರಶ್ನೆ ಕೇಳಿ ಆರಿಸಿಕೊಡುವ ಹಿರಿಯರು ಇವತ್ತು ಬೇಕು. ದಾರಿಯೂ ಮೊದಲಿನಂತಿಲ್ಲ. 2023ರಲ್ಲಿ ಮೆಟ್ರೊ ಕಾಡುಗೋಡಿಗೆ ಬಂದಿತು. ಅಲ್ಲಿ ಹತ್ತಿದರೆ ಬೇರೆ ರೈಲು ಹಿಡಿಯದೆ ಕಬ್ಬನ್ ಪಾರ್ಕಿನಲ್ಲಿ ಇಳಿಯಬಹುದು. ವಸ್ತುಸಂಗ್ರಹಾಲಯ, ಬಾಲಭವನ ಅಲ್ಲಿಂದ ಕಾಲ್ನಡಿಗೆ. ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಅರಿವು ಕೇಂದ್ರಗಳಾಗಿವೆ. ಅರ್ಜಿ ತುಂಬುವ ಕೆಲಸವನ್ನು ಅಲ್ಲಿ ಕೂತೇ ಮಾಡಬಹುದು.

ಹಾಗಾದರೆ ಸುವರ್ಣ ಮಹೋತ್ಸವದ ನಂತರ ನಾವು ಹಳೆಯ ವಿದ್ಯಾರ್ಥಿಗಳು ಏನು ಮಾಡಬಹುದು? ನನ್ನದು ಮೂರು ಸಲಹೆ. ಮೊದಲನೆಯದು, ಶಾಲೆಯ ಗೋಡೆಗೆ ಒಂದು ಕಪ್ಪು ಹಲಗೆ: ಈ ತಿಂಗಳು ಯಾವ ಪರೀಕ್ಷೆ, ಯಾವ ಸ್ಪರ್ಧೆ, ಯಾವ ತರಗತಿಗೆ, ಕೊನೆಯ ದಿನ ಯಾವುದು. ಪ್ರತಿ ತಿಂಗಳ ಮೊದಲ ಸೋಮವಾರ ಪ್ರಾರ್ಥನೆಯ ಹೊತ್ತಿನಲ್ಲಿ ಅದನ್ನು ಮಕ್ಕಳೇ ಓದಲಿ. ಎರಡನೆಯದು, ಪ್ರಯಾಣ ಮತ್ತು ಊಟಕ್ಕೊಂದು ಸಣ್ಣ ನಿಧಿ, ಲೆಕ್ಕ ವರ್ಷಕ್ಕೊಮ್ಮೆ ಎಲ್ಲರ ಮುಂದೆ. ಮೂರನೆಯದು, ಜೊತೆಗೆ ಹೋಗುವವರ ಪಟ್ಟಿ. ಮೇಷ್ಟರುಗಳು ತರಗತಿ ಬಿಟ್ಟು ಎಲ್ಲ ಕಡೆಗೂ ಹೋಗಲಾಗದು. ಊರಿನ ಗಂಡಸರು, ಹೆಂಗಸರು ವರ್ಷಕ್ಕೆ ಎರಡು ದಿನ ಕೊಟ್ಟರೂ ಕೆಲಸ ನಡೆಯುತ್ತದೆ.

ಭಾಷಣ ಸ್ಪರ್ಧೆಗೆ ಹೋಗಲಾಗದ ನನ್ನ ಸಹಪಾಠಿಗೆ ಈ ಮಾತು ಹೇಳಿದೆ. ಪಟ್ಟಿಯಲ್ಲಿ ಮೊದಲು ತನ್ನ ಹೆಸರು ಬರೆದುಕೋ, ಹೆಣ್ಣುಮಕ್ಕಳನ್ನು ಕರೆದುಕೊಂಡು ಹೋಗಿ ಬರುವುದು ತನಗಿರಲಿ ಎಂದಳು. ಎರಡನೆಯ ಹೆಸರು ನನ್ನದು. ಉಳಿದ ಹೆಸರುಗಳನ್ನು ಈ ಸಂಪುಟ ಓದಿದವರು ಮುಖ್ಯೋಪಾಧ್ಯಾಯರ ಕೊಠಡಿಗೆ ಬಂದು ಬರೆಸಬೇಕೆಂದು ವಿನಂತಿ.